ಹೊಗೆಕೊಳವೆಯ ಗಲಗಲ

ಕ್ರೀಡಾ ಕಾರಿನ ಒಡೆಯನಿಗೆ ಅದರ ಗುಡುಗಿನಂಥ ದನಿಯೇ ಅರ್ಧ ಸಂತೋಷ. ಆ ಗುಡುಗಿನ ನಡುವೆ ತಗಡು ನಡುಗುವ ಸದ್ದೊಂದು ಸೇರಿತೆಂದರೆ ಸಂತೋಷ ಅಲ್ಲಿಗೆ ಮುಗಿಯಿತು. ಹೊಸಪೇಟೆಯಿಂದ ವಿಜಯಪುರದತ್ತ ಹೆದ್ದಾರಿಯಲ್ಲಿ ಸಾಗುವಾಗ ಕೇಳಿಸದ ಈ ಸದ್ದು, ಕುಷ್ಟಗಿಯಲ್ಲಿ ಹಳ್ಳಿಯ ದಾರಿಗೆ ಹೊರಳಿ ಮೊದಲ ರಸ್ತೆಯುಬ್ಬನ್ನು ದಾಟುವಾಗ ಬಯಲಾಗುತ್ತದೆ. ನೆಲದಿಂದ ನಾಲ್ಕೈದು ಅಂಗುಲವಷ್ಟೇ ಎತ್ತರವಿರುವ ಇಂಥ ಕಾರಿನಲ್ಲಿ ಹೊಗೆಕೊಳವೆಯೂ ಸುಲಭವಾಗಿ ಪೆಟ್ಟು ತಿನ್ನುತ್ತದೆ.

‘ಬರಿಯ ಸದ್ದು ತಾನೆ!’ ಎಂದು ರೇಡಿಯೋ ಜೋರುಮಾಡಿ ಮುಂದೆ ಸಾಗುವವರುಂಟು. ಆದರೆ ಆ ಸದ್ದಿನಲ್ಲಿ ಒಂದು ಎಚ್ಚರಿಕೆ ಅಡಗಿರುತ್ತದೆ. ಅದನ್ನು ಅರಿಯಲು ಕನ್ನಡಿಗರಿಗೆ ಒಳ್ಳೆಯ ಉಪಕರಣವೊಂದು ಕೈಯಲ್ಲೇ ಇದೆ. ವ್ಯಾಕರಣದಲ್ಲಿ ಅನುಕರಣಾವ್ಯಯಗಳೆಂದು ನಾವು ಓದಿದ ಮಾತುಗಳೇ ಅವು. ಮೆಕ್ಯಾನಿಕ್ಕಿಗೆ ‘ಸದ್ದು ಬರುತ್ತಿದೆ’ ಎಂದಷ್ಟೇ ಹೇಳದೆ, ಎಂಥ ಸದ್ದು, ಯಾವಾಗ ಬರುತ್ತದೆ ಎಂಬುದನ್ನು ಹೇಳಿದರೆ ಅರ್ಧ ಕೆಲಸ ಮುಗಿದಂತೆ.

ಎಂಜಿನ್ನಿನ ಒಂದು ಗೊತ್ತಾದ ವೇಗದಲ್ಲಿ ಮಾತ್ರ ಝಣಝಣ ಎಂದು, ವೇಗ ಬದಲಾದೊಡನೆ ನಿಂತರೆ, ಕೊಳವೆಯ ಶಾಖವನ್ನು ತಡೆಯುವ ತೆಳುತಗಡಿನ ಬೋಲ್ಟು ತುಕ್ಕುಹಿಡಿದು ಸಡಿಲಾಗಿರಬಹುದು. ಉಬ್ಬುತಗ್ಗುಗಳಲ್ಲಿ ದಡದಡ ಎಂದರೆ, ಕೊಳವೆಯನ್ನು ತೂಗುಹಾಕಿದ ರಬ್ಬರು ಬಳೆ ಹರಿದಿದೆಯೇ ನೋಡಬೇಕು. ತಣ್ಣಗಿನ ಎಂಜಿನ್ ಹೊರಟಾಗ ಟಪಟಪ ಎಂದು, ಬಿಸಿಯೇರಿದಂತೆ ಸದ್ದು ಕುಗ್ಗಿದರೆ, ಎಂಜಿನ್ನಿಗೆ ಕೊಳವೆ ಸೇರುವೆಡೆಯಲ್ಲಿ ಹೊಗೆ ಸೋರುತ್ತಿರುವ ಸಂಭವ ಹೆಚ್ಚು. ಕಾದ ಲೋಹ ಹಿಗ್ಗಿ ಬಿರುಕನ್ನು ಮುಚ್ಚುತ್ತದೆ. ತಂಬಿಗೆಯಲ್ಲಿ ಹರಳು ಕುಲುಕಿದಂತೆ ಗಲಗಲ ಎಂದರೆ, ಸೈಲೆನ್ಸರಿನೊಳಗಿನ ತಡೆಹಲಗೆ ಕಳಚಿರಬಹುದು. ಇಲ್ಲವೇ ಹೊಗೆಯ ವಿಷವನ್ನು ಕಡಿಮೆಮಾಡುವ ಕೆಟಲಿಟಿಕ್ ಕನ್ವರ್ಟರಿನಲ್ಲಿ ಜೇನುಗೂಡಿನಂಥ ಪಿಂಗಾಣಿ ಒಡೆದಿರಬಹುದು. ಒಡೆದ ಚೂರುಗಳು ದಾರಿಗಟ್ಟಿದರೆ ಎಂಜಿನ್ನಿನ ಎಳೆತವೂ ಕುಂದುತ್ತದೆ.

ಪರೀಕ್ಷೆಯೇನೂ ಕಠಿಣವಲ್ಲ. ಕಾರು ಪೂರ್ತಿ ತಣಿದ ಮೇಲೆ ಸಮನೆಲದಲ್ಲಿ ನಿಲ್ಲಿಸಿ, ಗಾಲಿಗಳಿಗೆ ಕಲ್ಲುಕೊಟ್ಟು, ರಬ್ಬರು ಸುತ್ತಿಗೆಯಿಂದ ಕೊಳವೆಯನ್ನು ಹಿಂದಿನಿಂದ ಮುಂದಕ್ಕೆ ಮೆಲ್ಲನೆ ತಟ್ಟುತ್ತ ಬಂದರೆ ದೋಷವಿರುವ ಜಾಗ ತಾನಾಗಿ ಮಾತಾಡುತ್ತದೆ. ಜ್ಯಾಕಿನ ಮೇಲಷ್ಟೇ ನಿಂತ ಕಾರಿನ ಕೆಳಗೆ ಮಾತ್ರ ಯಾರೂ ನುಸುಳಬಾರದು. ಎಂಜಿನ್ ನಡೆಸಿ ಕೇಳಬೇಕಾದರೆ ಬಯಲಿನಲ್ಲಿಯೇ ಕೇಳಬೇಕು. ಮುಚ್ಚಿದ ಷೆಡ್ಡಿನಲ್ಲಿ ತುಂಬಿಕೊಳ್ಳುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಲವಾಗಿ ಅದನ್ನು ಹಿಡಿದುಕೊಳ್ಳುತ್ತದೆ.

ಸಡಿಲವಾದ ತಗಡನ್ನು ಉಕ್ಕಿನ ಪಟ್ಟಿಯಿಂದ ಬಿಗಿಯಬಹುದು. ‘ಕತ್ತರಿಸಿ ಬಿಸಾಡಿದರೆ ಸದ್ದೇ ಇರದು’ ಎಂಬ ಸಲಹೆಗೆ ಮಾತ್ರ ಒಪ್ಪಬಾರದು. ಕುಷ್ಟಗಿಯಂಥ ಬಯಲುಸೀಮೆಯಲ್ಲಿ ಸುಗ್ಗಿ ಬಂದಿತೆಂದರೆ ಸಜ್ಜೆ, ಹುರುಳಿಗಳ ಒಣಸೊಪ್ಪೆಯನ್ನು ಒಕ್ಕಣೆಗಾಗಿ ದಾರಿಯ ಮೇಲೆ ಹರಡುವುದುಂಟು. ತಗ್ಗಾದ ಕಾರು ಅದರ ಮೇಲೆ ಹಾಯ್ದಾಗ ಹುಲ್ಲು ಅಡಿಗೆ ಸುತ್ತಿಕೊಳ್ಳುತ್ತದೆ. ನೂರಾರು ಡಿಗ್ರಿ ಕಾದ ಕೊಳವೆಗೂ ಆ ಹುಲ್ಲಿಗೂ ನಡುವೆ ಇರುವುದು ಆ ತೆಳುತಗಡೊಂದೇ. ಅದೂ ಇಲ್ಲವಾದರೆ ಹುಲ್ಲು ಹೊತ್ತಿಕೊಳ್ಳಲು ತಡವಾಗದು. ಆದುದರಿಂದ ಅಂಥ ರಾಶಿಯ ಮೇಲೆ ಕಾರನ್ನು ನಿಲ್ಲಿಸದೆ, ದಾಟಿದ ಮೇಲೆ ಬರಿಯ ನೆಲದಲ್ಲಿ ನಿಂತು ಅಡಿಯನ್ನೊಮ್ಮೆ ನೋಡಿ ಮುಂದುವರಿಯುವುದು ಕ್ಷೇಮ.

ರಬ್ಬರು ಬಳೆಯ ಬೆಲೆ ಅಲ್ಪ, ಕನ್ವರ್ಟರಿನ ಬೆಲೆ ದೊಡ್ಡದು, ಒಳಗೆ ಕುಳಿತವರ ಪ್ರಾಣಕ್ಕೆ ಬೆಲೆಯೇ ಇಲ್ಲ. ಮೊದಲ ಗಲಗಲ ಕೇಳಿದ ದಿನವೇ ಕಾರಿನ ಅಡಿಯನ್ನು ಪರೀಕ್ಷಿಸುವುದು ಜಾಣತನ.