‘ಫಾಕ್ಸ್’ ಎನಿಸಿಕೊಂಡದ್ದೆಲ್ಲ ನರಿಯಲ್ಲ

ಇಂಗ್ಲಿಷಿನವರು ‘ಫಾಕ್ಸ್’ ಎಂದು ಕರೆಯುವ ಪ್ರಾಣಿಗಳಲ್ಲಿ ಹಲವು ನರಿಯ ಕುಲಕ್ಕೇ ಸೇರಿಲ್ಲ. ಜೀವವಿಜ್ಞಾನದ ಲೆಕ್ಕದಲ್ಲಿ ನಿಜವಾದ ನರಿಗಳದ್ದು ‘ವಲ್ಪಿಸ್’ ಕುಲ. ಅದರಲ್ಲಿರುವುದು 12 ಪ್ರಭೇದಗಳು. ಯುರೋಪಿನ ಕೆಂಪು ನರಿ, ಹಿಮಪ್ರದೇಶದ ಬಿಳಿ ನರಿ, ಸಹಾರಾ ಮರಳುಗಾಡಿನ ಪುಟ್ಟ ಫೆನೆಕ್, ನಮ್ಮ ಬಯಲುಸೀಮೆಯ ನರಿ ಎಲ್ಲವೂ ಇದರೊಳಗೆ ಬರುತ್ತವೆ.

ಫಾಕ್ಸ್ ಪದದ ಮೂಲವನ್ನು ಭಾಷಾವಿಜ್ಞಾನಿಗಳು ‘ಬಾಲ’ ಎಂಬ ಅರ್ಥದ ಪ್ರಾಚೀನ ಧಾತುವಿಗೆ ಒಯ್ಯುತ್ತಾರೆ. ನಾವು ಬಳಸುವ ಸಂಸ್ಕೃತದ ‘ಪುಚ್ಛ’ವೂ ಅದೇ ಬೇರಿನದು. ರೂಪ ನೋಡಿ ಇಟ್ಟ ಹೆಸರು ಸುಲಭವಾಗಿ ಹರಡುತ್ತದೆ. ಹಡಗೇರಿ ಹೊರಟ ಇಂಗ್ಲಿಷರು ಚೂಪು ಮೂತಿ, ಪೊದೆ ಬಾಲ ಕಂಡಲ್ಲೆಲ್ಲ ಅದನ್ನೇ ಅಂಟಿಸಿದರು. ಹಣ್ಣು ತಿನ್ನುವ ದೊಡ್ಡ ಬಾವಲಿಗೂ ‘ಹಾರುವ ಫಾಕ್ಸ್’ ಎಂದೇ ಹೆಸರಿಟ್ಟರು.

ದಕ್ಷಿಣ ಅಮೆರಿಕದಲ್ಲಿ ವಲ್ಪಿಸ್ ಕುಲದ ಪ್ರಾಣಿ ಸಹಜವಾಗಿ ಒಂದೂ ಇಲ್ಲ. ಅಲ್ಲಿನ ‘ಫಾಕ್ಸ್’ಗಳು ಹೆಚ್ಚಾಗಿ ಲೈಕಲೋಪೆಕ್ಸ್ ಕುಲದವು, ನರಿಗಿಂತ ತೋಳಕ್ಕೆ ಹತ್ತಿರದವು. 1834ರ ಡಿಸೆಂಬರಿನಲ್ಲಿ ಚಿಲಿಯ ಸ್ಯಾನ್ ಪೆಡ್ರೋ ದ್ವೀಪದಲ್ಲಿ ಇಂಥದೊಂದು ಪ್ರಾಣಿ, ಭೂಮಾಪನ ಮಾಡುತ್ತಿದ್ದ ಅಧಿಕಾರಿಗಳನ್ನೇ ಮೈಮರೆತು ನೋಡುತ್ತ ಕುಳಿತಿತ್ತು. ಚಾರ್ಲ್ಸ್ ಡಾರ್ವಿನ್ ಹಿಂದಿನಿಂದ ಬಂದು ತಮ್ಮ ಕಲ್ಲೊಡೆಯುವ ಸುತ್ತಿಗೆಯಿಂದ ತಲೆಗೆ ಹೊಡೆದು ಕೊಂದರು. ಅದಕ್ಕೀಗ ‘ಡಾರ್ವಿನ್ನನ ಫಾಕ್ಸ್’ ಎಂದು ಹೆಸರು.

ಫಾಕ್‌ಲೆಂಡ್ ದ್ವೀಪಗಳ ‘ವಾರಾ’ದ ಕಥೆ ಇನ್ನೂ ನೋವಿನದು. ಮನುಷ್ಯನಿಗೆ ಹೆದರುವುದನ್ನೇ ಅರಿಯದ ಪ್ರಾಣಿ ಅದು. ಕೆಲವರು ಅದನ್ನು ತೋಳ ಎಂದರು, ಕೆಲವರು ಫಾಕ್ಸ್ ಎಂದರು. ಬೇಗನೆ ನಶಿಸಿಹೋಗುತ್ತದೆ ಎಂದು ಡಾರ್ವಿನ್ ಬರೆದರು. ತುಪ್ಪಳದ ವ್ಯಾಪಾರಿಗಳೂ ಕುರಿಗಾರರು ಇಟ್ಟ ವಿಷವೂ ಸೇರಿ 1876ರ ಹೊತ್ತಿಗೆ ಅದನ್ನು ಮುಗಿಸಿದವು. ಅದು ತೋಳವೂ ಅಲ್ಲ, ನರಿಯೂ ಅಲ್ಲ, ಈಗ ಬದುಕಿರುವವುಗಳಲ್ಲಿ ನೀಳಗಾಲಿನ ಕೇಸರ ತೋಳವೇ ಅದರ ಸಮೀಪದ ಬಂಧು ಎಂದು ಡಿಎನ್‌ಎ ಹೇಳಿದ್ದು 2009ರಲ್ಲಿ.

ಬೇರೆ ಬೇರೆ ವಂಶದವು ಒಂದೇ ರೂಪ ತಾಳುವುದೇಕೆ? ಇಲಿ, ಕೀಟ, ಹಣ್ಣುಗಳನ್ನು ಹುಡುಕಿ ಒಂಟಿಯಾಗಿ ಬದುಕುವ ಪ್ರಾಣಿಗೆ ಹಗುರ ಮೈ, ಚೂಪು ಮೂತಿ, ಚುರುಕು ಕಿವಿ ಬೇಕು. ಬದುಕಿನ ಕ್ರಮ ಒಂದೇ ಆದಲ್ಲಿ ವಿಕಾಸವು ಮೈಕಟ್ಟನ್ನೂ ಅದೇ ದಿಕ್ಕಿಗೆ ತರುತ್ತದೆ.

ಕನ್ನಡದ ‘ನರಿ’ಯೂ ಎರಡು ಪ್ರಾಣಿಗಳನ್ನು ಹೊತ್ತಿದೆ. ರಾತ್ರಿ ಗುಂಪಾಗಿ ಊಳಿಡುವುದು ತೋಳದ ದಾಯಾದಿ. ಎರಡರಿಂದ ನಾಲ್ಕು ಕಿಲೋ ತೂಗುವ, ದೊಡ್ಡ ಕಿವಿಯ, ಸಪೂರ ಕಾಲಿನ ನಿಜವಾದ ನರಿ ಬೇರೆ. ಅದು ದಟ್ಟ ಕಾಡನ್ನು ಬಯಸುವುದಿಲ್ಲ, ಒಣ ಹುಲ್ಲುಗಾವಲಿನಲ್ಲಿ ಬಿಲ ತೋಡಿ ಮರಿ ಮಾಡುತ್ತದೆ. ಅಂಥ ನೆಲವನ್ನು ‘ಪಾಳುಭೂಮಿ’ ಎಂದು ದಾಖಲೆಯಲ್ಲಿ ಬರೆದು, ಮರ ನೆಟ್ಟು ಉದ್ಧಾರ ಮಾಡಿದೆವೆಂದುಕೊಳ್ಳುವುದನ್ನು ನಾವು ನಿಲ್ಲಿಸಬೇಕು.