ಗಾಡಿ ಎಳೀವಲ್ದು ಅಂದ್ರೆ ಟರ್ಬೊ ಹೋಯ್ತು ಅಂತಲ್ಲ

ವಿಡಿಯೊ ನೋಡೋಕೆ ಪುರುಸೊತ್ತಿಲ್ಲದವರಿಗೆ ಈ ವಾರದ ಮಾತು ಇಲ್ಲಿ ಬರಹದಲ್ಲಿದೆ. ಈ ಸಲ ಕಾರಲ್ಲ, ಪಿಕಪ್ ಗಾಡಿ.

ನನ್ನ ತಮ್ಮ ಮಹಾಲಿಂಗಪುರದ ಕಡೆಯಿಂದ ಪುಣೆ ಮಾರ್ಕೆಟ್ ಯಾರ್ಡಿಗೆ ಬೆಲ್ಲ ತರ್ತಾನೆ. ಬಿಎಸ್4 ಡೀಸೆಲ್ ಪಿಕಪ್. ಸಾಲ ನನ್ನ ಹೆಸರಲ್ಲಿದೆ, ಕಂತು ಅವನು ಕಟ್ತಾನೆ. ಗಾಡಿ ನಿಂತ ತಿಂಗಳು ಆ ಕಂತು ನನ್ನ ಸಂಬಳದಿಂದ ಹೋಗುತ್ತೆ. ನಿಮ್ಮಲ್ಲೂ ಎಷ್ಟೋ ಜನರ ಮನೆ ಲೆಕ್ಕ ಹೀಗೇ ಇರುತ್ತೆ ಅಂತ ಗೊತ್ತು.

ಒಂದು ಶುಕ್ರವಾರ ಮೀಟಿಂಗಿನ ನಡುವೆ ಫೋನು. "ಅಣ್ಣಾ, ಗಾಡಿ ಎಳೀವಲ್ದು. ಘಾಟ್ ಬಂತಂದ್ರ ಎತ್ತು ಕುಂತಂಗ ಕುಂತ್ ಬಿಡತೈತಿ." ಗ್ಯಾರೇಜಿನಲ್ಲಿ ಸ್ಕ್ಯಾನರ್ ಹಾಕಿದ್ದಾರೆ, ಪಿ0299 ಅಂತ ಕೋಡ್ ಬಂದಿದೆ. "ಟರ್ಬೊ ಹೋಗಿದೆ, ಬದಲಾಯಿಸಬೇಕು" ಅಂದರಂತೆ. ಅಂದಾಜು ಎಪ್ಪತ್ತು ಸಾವಿರ. ಕ್ರೆಡಿಟ್ ಕಾರ್ಡ್ ಕೈಯಲ್ಲಿ ಹಿಡ್ಕೊಂಡೇ ಆ ಕೋಡಿನ ಅರ್ಥ ಏನು ಅಂತ ನೋಡಿದೆ.

ಪಿ0299 ಅಂದ್ರೆ ಟರ್ಬೊ ಕೆಟ್ಟಿದೆ ಅಂತಲ್ಲ. ಇಂಜಿನ್ನಿನ ಕಂಪ್ಯೂಟರ್, ಅಂದ್ರೆ ಇಸಿಯು, ಇಷ್ಟು ಗಾಳಿ ಒತ್ತಡ ಬೇಕು ಅಂತ ಕೇಳಿತು, ಅಷ್ಟು ಬರಲಿಲ್ಲ. ಅಷ್ಟೇ. ಗಾಳಿ ಎಲ್ಲಿ ಕಮ್ಮಿ ಆಯ್ತು ಅನ್ನೋದನ್ನ ಕೋಡ್ ಹೇಳಲ್ಲ. ರಾತ್ರಿ ಎರಡಕ್ಕೆ "ಆ್ಯಪ್ ಸ್ಲೋ" ಅಂತ ಅಲರ್ಟ್ ಬಂದ ಮಾತ್ರಕ್ಕೆ ನಾವು ಡೇಟಾಬೇಸ್ ಸರ್ವರನ್ನೇ ಕಿತ್ತು ಹಾಕ್ತೀವಾ? ಇದೂ ಹಾಗೇ. "ತಡಿ, ಈಗಲೇ ಏನೂ ಬಿಚ್ಚಿಸಬೇಡ" ಅಂದೆ.

ಶನಿವಾರ ಇಬ್ಬರೂ ಕೂತು ಖರ್ಚಿಲ್ಲದ ಪರೀಕ್ಷೆಗಳಿಂದ ಶುರು ಮಾಡಿದ್ವಿ.

ಮೊದಲನೇದು, ತಪ್ಪು ಇಂಜಿನ್ನಿಂದೇನಾ? ಆ್ಯಕ್ಸಿಲರೇಟರ್ ಒತ್ತಿದಾಗ ಇಂಜಿನ್ ಸದ್ದು, ಆರ್‌ಪಿಎಂ ಏರಿ, ವೇಗ ಮಾತ್ರ ಏರದಿದ್ರೆ ಕ್ಲಚ್ ಜಾರ್ತಿದೆ ಅಂತ ಅರ್ಥ. ಸ್ವಲ್ಪ ದೂರ ಓಡಿಸಿದ ಮೇಲೆ ಒಂದು ಚಕ್ರ ಮಾತ್ರ ವಿಪರೀತ ಬಿಸಿಯಾಗಿದ್ರೆ ಬ್ರೇಕ್ ಹಿಡ್ಕೊಂಡಿದೆ. ನಮ್ಮ ಗಾಡೀಲಿ ಇವೆರಡೂ ಇರಲಿಲ್ಲ. ಆರ್‌ಪಿಎಂ ಏರೋಕೇ ಒದ್ದಾಡ್ತಿತ್ತು.

ಎರಡನೇದು ಹೊಗೆ. ಡೀಸೆಲ್ ಗಾಡಿ ತನ್ನ ಕಷ್ಟವನ್ನ ಸೈಲೆನ್ಸರಿನಲ್ಲಿ ಹೇಳ್ಕೊಳ್ಳುತ್ತೆ. ಕಪ್ಪು ಹೊಗೆ ಬಂದ್ರೆ ಡೀಸೆಲ್ಲಿಗೆ ತಕ್ಕಷ್ಟು ಗಾಳಿ ಸಿಗ್ತಿಲ್ಲ. ನೀಲಿ ಬಂದ್ರೆ ಇಂಜಿನ್ ಆಯಿಲ್ ಉರೀತಿದೆ. ಬಿಸಿಯಾದ ಮೇಲೂ ಬಿಳಿ ಹೊಗೆ ನಿಲ್ಲದಿದ್ರೆ ಡೀಸೆಲ್ ಸರಿಯಾಗಿ ಉರೀತಿಲ್ಲ, ಇಲ್ಲವೇ ಕೂಲಂಟ್ ಒಳಗೆ ಸೇರ್ತಿದೆ. ಹೊಗೆಯೇ ಇಲ್ಲದೆ ಬರೀ ಶಕ್ತಿ ಕಮ್ಮಿ ಆದ್ರೆ ಡೀಸೆಲ್ ಫಿಲ್ಟರ್ ಮೇಲೆ ಅನುಮಾನ ಪಡಿ. ನಮ್ಮದು ಕಪ್ಪು ಹೊಗೆ. ಅಂದ್ರೆ ಹುಡುಕಬೇಕಾದ್ದು ಗಾಳಿ ಹೋಗೋ ದಾರೀಲಿ.

ಮೂರನೇದು ಏರ್ ಫಿಲ್ಟರ್. ತೆಗೆದು ಕೊಡವಿದ್ರೆ ಊರಿನ ಅರ್ಧ ಮಣ್ಣು ಅದರಲ್ಲೇ ಇತ್ತು. ಹೊಸದು ಹಾಕಿದ್ವಿ. ಚೂರು ಹಗುರ ಆಯ್ತು, ಆದರೆ ರೋಗ ಹೋಗಲಿಲ್ಲ.

ನಾಲ್ಕನೇದು ಟರ್ಬೊ. ಇಂಜಿನ್ ಆಫ್ ಮಾಡಿ, ತಣ್ಣಗಾದ ಮೇಲೆ, ಗಾಳಿ ಒಳಗೆ ಬರೋ ಪೈಪ್ ಬಿಚ್ಚಿ ಅದರ ಚಕ್ರವನ್ನ ಬೆರಳಲ್ಲಿ ಅಲ್ಲಾಡಿಸಿ ನೋಡಬಹುದು. ಅಕ್ಕಪಕ್ಕ ಕೂದಲೆಳೆಯಷ್ಟು ಆಡಿದ್ರೆ ಸಹಜ. ಹಿಂದೆ ಮುಂದೆ ಆಡಿದ್ರೆ, ರೆಕ್ಕೆ ಗೋಡೆಗೆ ತಾಗಿದ್ರೆ, ಆಗ ಟರ್ಬೊ ಹೋಗಿದೆ. ನಮ್ಮದು ಸಲೀಸಾಗಿ ತಿರುಗ್ತಿತ್ತು. ಎಪ್ಪತ್ತು ಸಾವಿರ ಅಲ್ಲೇ ಉಳೀತು.

ಹಾಗಾದ್ರೆ ಟರ್ಬೊ ತಳ್ಳಿದ ಗಾಳಿ ಎಲ್ಲಿ ಹೋಗ್ತಿದೆ? ಭಾನುವಾರ ಡ್ರಿಪ್ ಪೈಪಿನ ಲೋಡ್ ಹಾಕ್ಕೊಂಡು ತಮ್ಮ ವಾಪಸ್ ಹೊರಟಿದ್ದ. ನಾನೂ ಪಕ್ಕದಲ್ಲಿ ಕೂತೆ. ಸ್ಟೀರಿಂಗ್ ಕೆಳಗಿನ ಒಬಿಡಿ ಪೋರ್ಟಿಗೆ ಬ್ಲೂಟೂತ್ ಡಾಂಗಲ್ ಹಾಕಿ ಮೊಬೈಲಿನಲ್ಲಿ ನೋಡ್ತಿದ್ದೆ. ಪುಣೆಯಲ್ಲಿ ನಿಂತಾಗ ಒತ್ತಡ ಸುಮಾರು 95 ಕಿಲೋಪ್ಯಾಸ್ಕಲ್, ಅಂದ್ರೆ ಹೊರಗಿನ ಗಾಳಿಯದ್ದೇ ಒತ್ತಡ. ಖಂಬಾಟ್ಕಿ ಘಾಟಿನಲ್ಲಿ ಪೆಡಲ್ ಪೂರ್ತಿ ಒತ್ತಿದಾಗ ಅದು ಇಮ್ಮಡಿಯ ಆಸುಪಾಸಿಗೆ ಹೋಗಬೇಕಿತ್ತು. 120ಕ್ಕೆ ನಿಂತ್ಕೊಂಡಿತು. ಬಾನೆಟ್ ಕಡೆಯಿಂದ ಪಂಕ್ಚರ್ ಆದಂಗೆ ಸುಸ್ ಅನ್ನೋ ಸದ್ದು. ಹಿಂದೆ ಲಾರಿಗಳ ಹಾರ್ನು, ತಮ್ಮನ ಹಣೆ ಮೇಲೆ ಬೆವರು. ಈ ಗಾಡೀಲಿ ಒಬ್ಬನೇ ರಾತ್ರಿ ಹೊತ್ತು ಹೀಗೇ ಹತ್ತಿದ್ದಾನಲ್ಲ ಅಂತ ಆಗ ನನಗೆ ಅನ್ನಿಸ್ತು.

ಘಾಟ್ ದಾಟಿ ಢಾಬಾ ಹತ್ತಿರ ನಿಲ್ಲಿಸಿ, ಇಂಜಿನ್ ಆರಿದ ಮೇಲೆ ಟರ್ಬೊದಿಂದ ಇಂಟರ್‌ಕೂಲರಿಗೆ ಹೋಗೋ ರಬ್ಬರ್ ಹೋಸ್ ಉದ್ದಕ್ಕೂ ಕೈ ಆಡಿಸಿದ್ವಿ. ಕೆಳಗಿನ ಬದಿ ಒಂದು ಕಡೆ ಎಣ್ಣೆ ಜಿಡ್ಡು. ಮಡಚಿ ನೋಡಿದ್ರೆ ಬೆರಳುದ್ದ ಸೀಳು! ಬರೀ ಕಣ್ಣಿಗೆ ಕಾಣಲ್ಲ. ಗಾಡಿ ನಿಂತಾಗ ಸೀಳು ಮುಚ್ಕೊಂಡಿರುತ್ತೆ, ಲೋಡ್ ಬಿದ್ದು ಒತ್ತಡ ಏರಿದಾಗ ಮಾತ್ರ ಬಾಯಿ ಬಿಡುತ್ತೆ. ಅದಕ್ಕೇ ಗ್ಯಾರೇಜಿನವರಿಗೂ ಸಿಕ್ಕಿರಲಿಲ್ಲ. ಅವರು ಮೋಸಗಾರರು ಅಂತ ನಾನು ಹೇಳಲ್ಲ, ಕೋಡ್ ಓದಿ ಅಲ್ಲಿಗೇ ನಿಲ್ಲಿಸಿದ್ರು.

ಸಾತಾರಾದಲ್ಲಿ ಹೊಸ ಹೋಸ್, ಎರಡು ಕ್ಲಾಂಪ್. ಎರಡು ಸಾವಿರದೊಳಗೆ ಮುಗೀತು. ಆದರೆ ಹೋಸ್ ಯಾಕೆ ಸೀಳಿತು? ಅಲ್ಲಿನ ಮೆಕ್ಯಾನಿಕ್ ಒಬ್ಬರು ಇಂಜಿನ್ ಸ್ಟಾರ್ಟ್ ಮಾಡಿಸಿ ತೋರಿಸಿದ್ರು. ಇಂಜಿನ್ ಕೂರೋ ರಬ್ಬರ್ ಮೌಂಟಿಂಗ್ ಸವೆದು, ಇಡೀ ಇಂಜಿನ್ ಕುಣೀತಿತ್ತು. ಕುಣಿದಾಗೆಲ್ಲ ಹೋಸ್ ಎಳೆದಾಡ್ತಿತ್ತು. ಮೌಂಟಿಂಗ್ ಬದಲಾಯಿಸದೆ ಹೋಗಿದ್ರೆ ಹೊಸ ಹೋಸಿಗೂ ಅದೇ ಗತಿ. ಅದನ್ನೂ ಹಾಕಿಸಿದ್ವಿ. ಟರ್ಬೊ ಬದಲಾಯಿಸಿದ್ರೂ ಗಾಡಿ ಎಳೀತಿರಲಿಲ್ಲ ಅನ್ನೋದನ್ನ ಮರೀಬೇಡಿ.

ಇನ್ನೆರಡು ಮಾತು. ಗಾಳಿ ಸೋರ್ತಿದ್ರೂ "ಓಡ್ತಿದೆಯಲ್ಲ" ಅಂತ ಓಡಿಸ್ಬೇಡಿ. ಕೊರತೆ ತುಂಬೋಕೆ ಟರ್ಬೊ ಅತಿವೇಗದಲ್ಲಿ ತಿರುಗಿ ನಿಜವಾಗ್ಲೂ ಹಾಳಾಗಬಹುದು, ಮಸಿ ಕೂತು ಇಜಿಆರ್ ವಾಲ್ವ್ ಕಟ್ಕೊಳ್ಳುತ್ತೆ. ನಿಮ್ಮದು ಬಿಎಸ್6 ಆದ್ರೆ ಸೈಲೆನ್ಸರ್ ದಾರೀಲಿರೋ ಮಸಿ ಫಿಲ್ಟರನ್ನೂ, ಅಂದ್ರೆ ಡಿಪಿಎಫ್ ಅನ್ನೂ ನೋಡಿಸಿ. ಬರೀ ಊರೊಳಗೆ ಓಡೋ ಗಾಡೀಲಿ ಅದು ಕಟ್ಕೊಂಡ್ರೂ ಇದೇ ಲಕ್ಷಣ.

ಆ ರಾತ್ರಿ ನಿಪ್ಪಾಣಿ ದಾಟಿದ ಮೇಲೆ ತಮ್ಮ ಫೋನ್ ಮಾಡಿದ. "ಅಣ್ಣಾ, ಈಗ ಎಳೀತೈತಿ ನೋಡು." ಊರಲ್ಲಿ ನಿಮ್ಮ ಹೆಸರಿನ ಸಾಲದಲ್ಲಿ ಓಡೋ ಗಾಡಿ ಇದ್ರೆ, ದುಡ್ಡು ಕಳಿಸೋ ಮೊದಲು ಒಂದೇ ಪ್ರಶ್ನೆ ಕೇಳಿ: ಕೋಡ್ ಏನು ಅಂತಲ್ಲ, ಯಾಕೆ ಬಂತು ಅಂತ. ಮುಂದಿನ ವಾರ ಮತ್ತೆ ಸಿಗೋಣ.