ಉಚಿತ ವಿದ್ಯುಚ್ಛಕ್ತಿಯೂ ಇಳಕಲ್ಲಿನ ಕೈಮಗ್ಗವೂ

ಶುದ್ಧ ಶಕ್ತಿಯ ಮಾತು ಈಗ ಸರಕಾರದ ಪ್ರತಿಯೊಂದು ವ್ಯಾಖ್ಯಾನದಲ್ಲಿಯೂ ಕೇಳಿಬರುತ್ತಿದೆ. ಅದು ಒಳ್ಳೆಯ ಮಾತೇ ಸರಿ. ಆದರೆ ವಿದ್ಯುಚ್ಛಕ್ತಿಯು ಎಷ್ಟು ಹುಟ್ಟುತ್ತದೆ ಎಂಬ ಲೆಕ್ಕವನ್ನು ಹೇಳುವವರು, ಅದು ಯಾರ ಕೆಲಸಕ್ಕೆ ಸಲ್ಲುತ್ತದೆ, ಯಾರ ಕೆಲಸವನ್ನು ಕಸಿಯುತ್ತದೆ ಎಂಬ ಲೆಕ್ಕವನ್ನು ಮಾತ್ರ ಹೇಳುವುದಿಲ್ಲ. ಈ ಎರಡನೆಯ ಲೆಕ್ಕವನ್ನು ನೋಡಬಯಸುವವರು ಇಳಕಲ್ಲಿಗೆ ಬರಬೇಕೆಂದು ನಾವು ಸೂಚಿಸುತ್ತೇವೆ.

ನಮ್ಮ ಈ ಸೀಮೆಗೆ ಶಕ್ತಿಯ ಬಡತನವಿಲ್ಲ. ಇಳಕಲ್ಲಿನಿಂದ ತೆಂಕಣಕ್ಕೆ ಹೊರಟರೆ ಗಜೇಂದ್ರಗಡದ ಗುಡ್ಡದ ಮೇಲೆ ಗಾಳಿಯಂತ್ರಗಳು ಸಾಲಾಗಿ ತಿರುಗುತ್ತಿವೆ. ಬಡಗಣದ ಆಲಮಟ್ಟಿಯಲ್ಲಿ ಕೃಷ್ಣೆಯ ನೀರಿನಿಂದ ನಡೆಯುವ 290 ಮೆಗಾವಾಟ್ ಸಾಮರ್ಥ್ಯದ ವಿದ್ಯುದಾಗಾರವಿದೆ. ಅದೇ ಜಲಾಶಯದ ಹಿನ್ನೀರಿನಲ್ಲಿ ಹಳೆಯ ಬಾಗಲಕೋಟೆಯ ಬಹುಭಾಗವು ಮುಳುಗಿತು, ಅಲ್ಲಿನ ಜನರು ನವನಗರಕ್ಕೆ ಹೋಗಿ ನೆಲೆಸಬೇಕಾಯಿತು. ಅದರಾಚೆ ಕೂಡಗಿಯಲ್ಲಿ ಕಲ್ಲಿದ್ದಲನ್ನು ಸುಡುವ 2400 ಮೆಗಾವಾಟಿನ ಸ್ಥಾವರವಿದೆ. ಅದು ಏಳುತ್ತಿದ್ದಾಗ ವಿರೋಧಿಸಿದ ರೈತರ ಮೇಲೆ 2014ರ ಜುಲೈ ತಿಂಗಳಲ್ಲಿ ಗೋಲಿಬಾರೂ ಆಯಿತು. ಗಾಳಿ, ನೀರು, ಬೆಂಕಿ ಮೂರೂ ನಮ್ಮ ಸುತ್ತಮುತ್ತ ದುಡಿಯುತ್ತಿವೆ. ನೆಲವನ್ನು ಕೊಟ್ಟವರೂ ಊರನ್ನು ಬಿಟ್ಟವರೂ ನಮ್ಮವರೇ.

ಈ ನಾಡಿನಲ್ಲಿ ಯಂತ್ರಶಕ್ತಿಯ ಇತಿಹಾಸವು ಮೊದಲಿನಿಂದಲೂ ಹೀಗೆಯೇ ನಡೆದುಬಂದಿದೆ. 19ನೆಯ ಶತಮಾನದ ಕೊನೆಯಲ್ಲಿ ಗೋಕಾಕದ ಜಲಪಾತದ ಬಲವನ್ನು ಹಿಡಿದದ್ದು ನೂಲಿನ ಗಿರಣಿಗಾಗಿ. 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಹರಿದದ್ದು ಕೋಲಾರದ ಚಿನ್ನದ ಗಣಿಗೆ; ಬೆಂಗಳೂರಿನ ಬೀದಿಯ ದೀಪಗಳು ಹತ್ತಿದ್ದು ಮೂರು ವರ್ಷಗಳ ಅನಂತರ. ಮೊದಲು ಗಿರಣಿ, ಮೊದಲು ಗಣಿ; ಬಡವನ ಮನೆಯ ಸರದಿ ಆಮೇಲೆ. ಈಗ ಆ ಸರದಿಯೂ ಬಂದಿದೆಯೆಂಬುದನ್ನು ನಾವು ಸಂತೋಷದಿಂದ ಒಪ್ಪುತ್ತೇವೆ. 2023ರ ಜುಲೈಯಿಂದ ಗೃಹಜ್ಯೋತಿ ಯೋಜನೆಯ ಮೂಲಕ ತಿಂಗಳಿಗೆ 200 ಯೂನಿಟ್ಟುಗಳ ಮಿತಿಯೊಳಗೆ, ಹಿಂದಿನ ವರ್ಷದ ಸರಾಸರಿ ಬಳಕೆಗೆ ಸ್ವಲ್ಪ ಕೂಡಿಸಿದಷ್ಟು, ಮನೆಯ ವಿದ್ಯುತ್ತು ಉಚಿತವಾಗಿದೆ. ನೇಕಾರನ ಮನೆಯಲ್ಲಿ ದೀಪಕ್ಕೆ ಹಣ ತೆರುವ ಚಿಂತೆ ತಪ್ಪಿದ್ದು ಸಣ್ಣ ಉಪಕಾರವಲ್ಲ.

ಆದರೆ ನೇಕಾರನ ಮಗ್ಗದ ಮಾತೇ ಬೇರೆ. ಇಳಕಲ್ಲಿನ ಸೀರೆಯನ್ನು ನೇಯುವ ಕ್ರಮವನ್ನು ಕಣ್ಣಾರೆ ನೋಡದ ಅಧಿಕಾರಿಗಳು ಯೋಜನೆಯನ್ನು ಬರೆದರೆ ಏನಾಗುವುದೆಂದು ತಿಳಿಯಬೇಕಾದರೆ ಆ ಕ್ರಮವನ್ನು ಸ್ವಲ್ಪ ವಿವರಿಸುವುದು ಅವಶ್ಯ. ನೇಕಾರನು ಕುಣಿಯಲ್ಲಿ ಕಾಲಿಳಿಬಿಟ್ಟು ಕುಳಿತು, ಕಾಲಿನಿಂದ ಹಲಗೆಯನ್ನು ಮೆಟ್ಟುತ್ತ, ಕೈಯಿಂದ ಲಾಳಿಯನ್ನು ಓಡಿಸುತ್ತಾನೆ. ಸೀರೆಯ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಒಡಲಿಗೆ ಹತ್ತಿಯ ನೂಲು ಇರಬಹುದು, ರೇಷ್ಮೆ ಇರಬಹುದು. ಸೆರಗಿಗೆ ಕೆಂಪು ರೇಷ್ಮೆ. ಇವೆರಡರ ಎಳೆಗಳನ್ನು ಒಂದೊಂದಾಗಿ ಕೊಂಡಿ ಹಾಕಿ ಕೂಡಿಸಬೇಕು. ಆದ್ದರಿಂದ ಪ್ರತಿಯೊಂದು ಸೀರೆಗೂ ಬೇರೆ ಬೇರೆಯಾಗಿಯೇ ಹಾಸನ್ನು ಸಿದ್ಧಪಡಿಸಬೇಕು. ಕೆಂಪು ಸೆರಗಿನಲ್ಲಿ ಬಿಳಿಯ ತೆನೆಗಳು ಮೂಡುವ ತೋಪು ತೆನೆಯ ಬೆಡಗು ಹುಟ್ಟುವುದು ಇಲ್ಲಿಯೇ. ಹಾಸು ಹಾಕುವುದು, ಬಣ್ಣ ಕಟ್ಟುವುದು, ಕಂಡಿಕೆ ಸುತ್ತುವುದು ಇವೆಲ್ಲ ಮನೆಯ ಹೆಂಗಸರ, ಮುದುಕರ ಕೈಗೆಲಸ. ಒಬ್ಬನು ಮಗ್ಗದಲ್ಲಿ ಕುಳಿತರೆ ಅವನ ಹಿಂದೆ ಇಡೀ ಮನೆ ದುಡಿಯುತ್ತಿರುತ್ತದೆ. ಉದ್ದನೆಯ ಹಾಸನ್ನು ಒಂದೇ ಸಮನೆ ಓಡಿಸುವ ವಿದ್ಯುನ್ಮಗ್ಗಕ್ಕೆ ಈ ಕೊಂಡಿಯ ಕೆಲಸ ಒಗ್ಗುವುದಿಲ್ಲ. ಅದು ಇಳಕಲ್ ಸೀರೆಯ ಬಣ್ಣವನ್ನು ಕದಿಯಬಲ್ಲುದು, ಅಂಚನ್ನು ಕದಿಯಬಲ್ಲುದು, ಕೊಂಡಿಯನ್ನು ಕದಿಯಲಾರದು. ಆದರೆ ದೂರದ ಪೇಟೆಯಲ್ಲಿ ಸೀರೆಯನ್ನು ಕೊಳ್ಳುವ ಗೃಹಿಣಿಯು ಸೆರಗಿನ ಬುಡವನ್ನು ತಿರುವಿ ನೋಡಿ ಕೊಂಡಿಯನ್ನು ಎಣಿಸುವಳೆ? ಅರ್ಧ ಬೆಲೆಗೆ ಅದೇ ಬಣ್ಣ, ಅದೇ ಅಂಚು ಸಿಗುತ್ತಿದ್ದರೆ ಅವಳನ್ನು ದೂರುವುದೂ ನ್ಯಾಯವಲ್ಲ.

ಇಂಥ ಪೇಟೆಯಲ್ಲಿ ಸರಕಾರದ ಹಸ್ತವು ಯಾವ ತಕ್ಕಡಿಯ ಮೇಲೆ ಬಿದ್ದಿದೆಯೆಂಬುದೇ ಮುಖ್ಯ ಪ್ರಶ್ನೆ. 2023ರ ಮುಂಗಡಪತ್ರದಲ್ಲಿ ರಾಜ್ಯ ಸರಕಾರವು 10 ಅಶ್ವಶಕ್ತಿಯವರೆಗಿನ ವಿದ್ಯುನ್ಮಗ್ಗಗಳಿಗೆ ತಿಂಗಳಿಗೆ 250 ಯೂನಿಟ್ಟುಗಳವರೆಗೆ ಉಚಿತ ವಿದ್ಯುತ್ತನ್ನು ಸಾರಿತು. ಒಂದು ಅಶ್ವಶಕ್ತಿಯ ಯಂತ್ರವು ದಿನಕ್ಕೆ ಹತ್ತು ತಾಸು ಓಡಿದರೆ ಏಳೂವರೆ ಯೂನಿಟ್ಟು. ತಿಂಗಳಿಗೆ ಇಪ್ಪತ್ತೈದು ದಿನವೆಂದರೆ ಸುಮಾರು 185. ಎಂದರೆ ಅಂಥ ಒಂದು ಮಗ್ಗದ ತಿಂಗಳ ಶಕ್ತಿಯನ್ನು ಬೊಕ್ಕಸವೇ ಕೊಟ್ಟಂತಾಯಿತು. ಕುಣಿಮಗ್ಗದವನ ಶಕ್ತಿಯು ಅವನ ತೋಳು ತೊಡೆಗಳಲ್ಲಿದೆ. ಅದಕ್ಕೆ ಅವನು ತಿನ್ನುವ ರೊಟ್ಟಿಯೇ ಇಂಧನ. ಆ ರೊಟ್ಟಿಯ ಬೆಲೆಯನ್ನು ಯಾವ ಮುಂಗಡಪತ್ರವೂ ಅವನ ಮಗ್ಗದ ಖರ್ಚಿಗೆ ಹಿಡಿದಿಲ್ಲ.

ನಾವು ವಿದ್ಯುನ್ಮಗ್ಗದವರ ವೈರಿಗಳಲ್ಲ. ನಮ್ಮ ಜಿಲ್ಲೆಯ ರಬಕವಿ ಬನಹಟ್ಟಿಗಳಲ್ಲಿ ಎಷ್ಟೋ ಕುಟುಂಬಗಳು ಅದನ್ನೇ ನಂಬಿವೆ. ಅವರಲ್ಲಿ ಕೈಮಗ್ಗವನ್ನು ಬಿಟ್ಟು ಬಂದವರೂ ಉಂಟು. ಅವರು ಸಿರಿವಂತರಾಗಿ ಹೋದರೆಂದು ಯಾರೂ ಹೇಳಲಾರರು. ನಮ್ಮ ಆಕ್ಷೇಪವಿರುವುದು ಸರಕಾರದ ಎರಡು ನಾಲಗೆಯ ಮೇಲೆ. 1985ರ ಕಾಯಿದೆಯೊಂದು ಕೆಲವು ಬಗೆಯ ಸೀರೆಗಳನ್ನೂ ಇತರ ವಸ್ತ್ರಗಳನ್ನೂ ಕೈಮಗ್ಗಕ್ಕಾಗಿಯೇ ಮೀಸಲಿಟ್ಟಿದೆ. 1993ರಲ್ಲಿ ಸರ್ವೋಚ್ಚ ನ್ಯಾಯಾಲಯವು ಆ ಕಾಯಿದೆಯನ್ನು ಎತ್ತಿಹಿಡಿಯಿತು. ಮೊದಲು 22 ಬಗೆಗಳಿದ್ದ ಪಟ್ಟಿ ಆಮೇಲೆ 11ಕ್ಕೆ ಇಳಿಯಿತು. ಇಳಿದದ್ದಾದರೂ ಕಾಯಿದೆಯು ಕಾಯಿದೆಯೇ. ಇಳಕಲ್ ಸೀರೆಗೆ ಭೌಗೋಳಿಕ ಸೂಚಿಕೆಯ ಮುದ್ರೆಯೂ ಇದೆ. ಒಂದು ಇಲಾಖೆ ಮೀಸಲಿನ ಬೇಲಿಯನ್ನು ಹಾಕಿ ಕಾವಲಿಗೆ ಯಾರನ್ನೂ ನಿಲ್ಲಿಸದೆ ಹೋದರೆ, ಇನ್ನೊಂದು ಇಲಾಖೆ ಆ ಬೇಲಿಯನ್ನು ದಾಟುವ ಯಂತ್ರಕ್ಕೆ ಪುಕ್ಕಟೆಯಾಗಿ ಶಕ್ತಿಯನ್ನು ತುಂಬುತ್ತಿದೆ. ಉಚಿತ ವಿದ್ಯುತ್ತನ್ನು ಪಡೆಯುವ ಮಗ್ಗದಲ್ಲಿ ಮೀಸಲು ವಸ್ತ್ರವನ್ನು ನೇಯಕೂಡದೆಂಬ ಒಂದು ಷರತ್ತನ್ನು ಅದೇ ಕಾಗದದಲ್ಲಿ ಬರೆಯಿಸಿಕೊಳ್ಳಲು ಅಡ್ಡಿಯೇನಿದ್ದಿತು? ಷರತ್ತನ್ನು ಮುರಿದವನಿಗೆ ಸೆರೆಮನೆ ಬೇಡ. ಮುಂದಿನ ತಿಂಗಳ ಬಿಲ್ಲು ಬಂದರೆ ಸಾಕು.

ಇಂಥ ಇನ್ನೊಂದು ಪ್ರಸಂಗ ನಮ್ಮ ಜಿಲ್ಲೆಯಲ್ಲಿಯೇ ನಡೆದಿದೆ. ಹುಬ್ಬಳ್ಳಿಯ ಬೆಂಗೇರಿಯ ಖಾದಿ ಸಂಘವು ರಾಷ್ಟ್ರಧ್ವಜವನ್ನು ತಯಾರಿಸುತ್ತದೆ. ಅದಕ್ಕೆ ಬೇಕಾದ ಬಟ್ಟೆಯನ್ನು ನೇಯುವ ಊರುಗಳಲ್ಲಿ ಬಾಗಲಕೋಟೆಯ ಹತ್ತಿರದ ತುಳಸಿಗೇರಿಯೂ ಒಂದು. 2021ರ ಡಿಸೆಂಬರಿನಲ್ಲಿ ಧ್ವಜಸಂಹಿತೆಯನ್ನು ತಿದ್ದಿ, ಯಂತ್ರದಲ್ಲಿ ಮಾಡಿದ ಧ್ವಜಕ್ಕೂ ಪಾಲಿಯೆಸ್ಟರಿನ ಧ್ವಜಕ್ಕೂ ಅನುಮತಿ ಕೊಡಲಾಯಿತು. ಮನೆಮನೆಯಲ್ಲಿ ಧ್ವಜವೇರಬೇಕೆಂಬ ಹಂಬಲ ಶ್ಲಾಘ್ಯವೇ. ಆದರೆ ಸ್ವಾತಂತ್ರ್ಯದ 75ನೆಯ ವರ್ಷದಲ್ಲಿ, ನೂತು ನೇಯ್ದು ಆ ಧ್ವಜದ ಮರ್ಯಾದೆಯನ್ನು ಕಾಪಾಡಿದ ಹೆಂಗಸರನ್ನು ಕೇಳುವ ವ್ಯವಧಾನ ಆ ತಿದ್ದುಪಡಿಗೆ ಇರಲಿಲ್ಲ. 1905ರ ಸ್ವದೇಶಿ ಚಳವಳಿಯ ನೆನಪಿಗಾಗಿ ಆಗಸ್ಟ್ 7ನೆಯ ತಾರೀಖನ್ನು ಕೈಮಗ್ಗದ ದಿನವೆಂದು 2015ರಿಂದ ಆಚರಿಸುತ್ತಿದ್ದೇವೆ. ವರ್ಷದ ಉಳಿದ ದಿನಗಳ ನೀತಿ ಮೇಲೆ ಹೇಳಿದಂತೆ ನಡೆದಿದೆ.

ಹಾಗಾದರೆ ಕೈಮಗ್ಗಕ್ಕೆ ವಿದ್ಯುತ್ತೇ ಬೇಡವೆ ಎಂದು ಯಾರಾದರೂ ಕೇಳಬಹುದು. ಯಂತ್ರವೆಂದ ಕೂಡಲೆ ಮೂಗು ಮುರಿಯುವವರು ನಾವಲ್ಲ. ಗಾಂಧೀಜಿಯವರೇ 1924ರಲ್ಲಿ ಸಿಂಗರ್ ಹೊಲಿಗೆಯಂತ್ರವನ್ನು ತಮ್ಮ ಆಕ್ಷೇಪದಿಂದ ಹೊರಗಿಟ್ಟರು. 1929ರಲ್ಲಿ ಅಖಿಲ ಭಾರತ ಚರಕಾ ಸಂಘವು ಉತ್ತಮ ಚರಕವನ್ನು ರಚಿಸಿದವರಿಗೆ ಒಂದು ಲಕ್ಷ ರೂಪಾಯಿಗಳ ಬಹುಮಾನವನ್ನು ಸಾರಿತು. ಆ ಕಾಲದ ಒಂದು ಲಕ್ಷ! ಹಳ್ಳಿಯ ಮನೆಯಲ್ಲಿ, ಮನೆಯವರ ಕೈಯಲ್ಲಿಯೇ ನಡೆಯಬಲ್ಲ ಯಂತ್ರ ಬೇಕೆಂಬುದು ಅದರ ಆಶಯವಾಗಿದ್ದಿತು. ಅದೇ ಅಳತೆಗೋಲನ್ನು ಇಂದಿನ ಸೂರ್ಯಶಕ್ತಿಗೆ ಹಿಡಿದು ನೋಡಬೇಕು. ಕಂಡಿಕೆಯನ್ನು ಸುತ್ತುವ ಚಿಕ್ಕ ಯಂತ್ರಕ್ಕೆ ಬೇಕಾಗುವ ಶಕ್ತಿ ಅತ್ಯಲ್ಪ. ಮುದುಕಿಯ ಭುಜದ ನೋವು ಅದರಿಂದ ತಪ್ಪುತ್ತದೆ, ನೇಯ್ಗೆಯ ಗುಣ ಕೆಡುವುದಿಲ್ಲ. ಕುಣಿಯ ಮೇಲೆ ಒಂದು ಒಳ್ಳೆಯ ದೀಪವಿದ್ದರೆ, ಬೆಳಕಿಂಡಿಯ ಬಿಸಿಲು ಸರಿದ ಮೇಲೂ ಕೊಂಡಿಯ ಎಳೆ ಕಣ್ಣಿಗೆ ಕಾಣುತ್ತದೆ. ಬಣ್ಣದ ನೀರನ್ನು ಸೂರ್ಯನ ಶಾಖದಲ್ಲಿಯೇ ಅರ್ಧ ಕಾಯಿಸಿಕೊಂಡರೆ ಸೌದೆ ಉಳಿಯುತ್ತದೆ, ಹೊಗೆ ತಪ್ಪುತ್ತದೆ. ಆದರೆ ಲಾಳಿಯನ್ನೂ ಕಾಲಿನ ಹಲಗೆಯನ್ನೂ ಮೋಟಾರಿಗೆ ಕಟ್ಟಿ ಅದನ್ನು ಕೈಮಗ್ಗವೆಂದು ಕರೆಯುವುದು ಬೇರೆಯ ವಿಷಯ. ಹನ್ನೆರಡನೆಯ ಪಂಚವಾರ್ಷಿಕ ಯೋಜನೆಯ ಕಾಲದಲ್ಲಿ, ನೇಯ್ಗೆಯ ಯಾವುದಾದರೂ ಒಂದು ಹಂತ ಕೈಯಿಂದ ನಡೆದರೆ ಸಾಕು, ಅದನ್ನೂ ಕೈಮಗ್ಗವೆಂದೇ ಎಣಿಸಬಹುದೆಂಬ ಸಲಹೆ ದಿಲ್ಲಿಯಲ್ಲಿ ಹೊರಟಿದ್ದಿತು. ನೇಕಾರರ ಪರವಾದವರು ಅದನ್ನು ಬಲವಾಗಿ ವಿರೋಧಿಸಿದರು. ಸೌರಫಲಕದ ಹೆಸರಿನಲ್ಲಿ ಅದೇ ಸಲಹೆ ಹಿಂಬಾಗಿಲಿನಿಂದ ಮರಳಿ ಬರಬಾರದು. ಹಾಸು ಹಾಕಲು, ಸುತ್ತಲು, ಬೆಳಗಲು ವಿದ್ಯುತ್ತು ಇರಲಿ. ನೇಯುವುದು ಮಾತ್ರ ಕೈಯೇ ಆಗಿರಲಿ ಎಂಬ ಗೆರೆಯನ್ನು ನಿಯಮದಲ್ಲಿ ಎಳೆಯುವುದು ಕಷ್ಟದ ಕೆಲಸವಲ್ಲ.

ಸೌರಫಲಕದ ವಿಷಯದಲ್ಲಿಯೂ ಸರಕಾರಗಳೆರಡು ಒಂದನ್ನೊಂದು ನೋಡದೆ ನಡೆದಿವೆ. 2024ರ ಫೆಬ್ರುವರಿಯಲ್ಲಿ ಕೇಂದ್ರ ಸರಕಾರವು ಸಾರಿದ ಸೂರ್ಯ ಘರ್ ಯೋಜನೆಯಲ್ಲಿ ಒಂದು ಕಿಲೊವಾಟಿನ ಫಲಕಕ್ಕೆ 30,000 ರೂಪಾಯಿ, ಮೂರಕ್ಕೆ 78,000 ರೂಪಾಯಿ ಸಹಾಯಧನವಿದೆ. ಆದರೆ ಗೃಹಜ್ಯೋತಿಯಿಂದ ಬಿಲ್ಲೇ ಬಾರದ ಮನೆಯವನು ಕೈಯಿಂದ ಹಣ ಹಾಕಿ ಫಲಕವನ್ನೇಕೆ ಕೂಡಿಸಿಯಾನು? ಆದಕಾರಣ ಸಹಾಯಧನವು ತಿಂಗಳಿಗೆ 200 ಯೂನಿಟ್ಟಿಗಿಂತ ಹೆಚ್ಚು ಬಳಸುವ, ತಣ್ಣನೆಯ ಗಾಳಿಯ ಯಂತ್ರವನ್ನಿಟ್ಟುಕೊಂಡ ಮಹಡಿಯ ಮನೆಗಳ ಕಡೆಗೇ ಹರಿಯುತ್ತದೆ. ಬಡ ನೇಕಾರನ ಮನೆಯ ಲೆಕ್ಕವನ್ನು ಹೀಗೆ ಹಿಡಿಯೋಣ: ತಿಂಗಳಿಗೆ 50 ಯೂನಿಟ್ಟು, ಯೂನಿಟ್ಟಿಗೆ ಆರು ರೂಪಾಯಿ. ರಾಜ್ಯದ ಬೊಕ್ಕಸಕ್ಕೆ ವರ್ಷಕ್ಕೆ 3600 ರೂಪಾಯಿಯ ಭಾರ, ಅದೂ ಎಂದೆಂದಿಗೂ. ಕೇಂದ್ರದ ಯೋಜನೆಯು ಮೊದಲ ಎರಡು ಕಿಲೊವಾಟುಗಳಿಗೆ ಹಿಡಿದಿರುವ ಬೆಲೆ ಕಿಲೊವಾಟಿಗೆ 50,000 ರೂಪಾಯಿ. ಸಹಾಯಧನವನ್ನು ಕಳೆದರೆ ಉಳಿಯುವುದು 20,000. ರಾಜ್ಯವು ಆರು ವರ್ಷಗಳಲ್ಲಿ ಹೇಗೂ ಕೊಡುವ ಹಣವನ್ನು ಒಮ್ಮೆಲೆ ಕೊಟ್ಟರೆ ಆ ಫಲಕವು ಸುಮಾರು ಇಪ್ಪತ್ತೈದು ವರ್ಷ ಬಾಳುತ್ತದೆ. ಪೇಟೆಯ ಬೆಲೆ ಇದಕ್ಕಿಂತ ಹೆಚ್ಚೆಂದರೂ ಲೆಕ್ಕದ ದಿಕ್ಕು ಬದಲಾಗದು. ನಮ್ಮ ಬಿಸಿಲಿನಲ್ಲಿ ಒಂದು ಕಿಲೊವಾಟಿನ ಫಲಕವು ದಿನಕ್ಕೆ ನಾಲ್ಕು ಯೂನಿಟ್ಟಿನಂತೆ ತಿಂಗಳಿಗೆ 120 ಕೊಡಬಲ್ಲುದು; ಮನೆಗೆ 50 ಹೋಗಿ ಉಳಿದ 70 ತಂತಿಗೆ ಮರಳುತ್ತದೆ. ಬಿಸಿಲಿಗೆ ನಮ್ಮಲ್ಲಿ ಬರಗಾಲವಿಲ್ಲವೆಂಬುದನ್ನು ಏಪ್ರಿಲ್ ತಿಂಗಳಲ್ಲಿ ಇಳಕಲ್ಲಿನ ಬಸ್ ನಿಲ್ದಾಣದಲ್ಲಿ ಅರ್ಧ ತಾಸು ನಿಂತವರಿಗೆ ಹೇಳಬೇಕಾಗಿಲ್ಲ.

ಮಣ್ಣಿನ ಮಾಳಿಗೆಯ ಹಳೆಯ ಮನೆಗಳ ಮೇಲೂ ಬಾಡಿಗೆಯ ಮನೆಗಳ ಮೇಲೂ ಫಲಕವನ್ನು ನಿಲ್ಲಿಸುವುದು ಸುಲಭವಲ್ಲವೆಂಬ ಆಕ್ಷೇಪ ನಿಜವಾದದ್ದು. ಅದಕ್ಕೆ ಉಪಾಯವಿದೆ. ನೇಕಾರರ ಸಹಕಾರಿ ಸಂಘದ ಕಟ್ಟಡದ ಮೇಲೆಯೋ ಸರಕಾರಿ ಶಾಲೆಯ ಮೇಲೆಯೋ ಫಲಕಗಳನ್ನು ಒಟ್ಟಿಗೆ ಹೂಡಿ, ಹುಟ್ಟಿದ ಶಕ್ತಿಯನ್ನು ಸದಸ್ಯರ ಮನೆಗಳ ಮೀಟರಿನ ಲೆಕ್ಕಕ್ಕೆ ಹಂಚಬಹುದು. ದಿಲ್ಲಿಯ ವಿದ್ಯುತ್ ನಿಯಂತ್ರಣ ಆಯೋಗವು ಇಂಥ ಹಂಚಿಕೆಗೆ 2019ರಲ್ಲಿಯೇ ನಿಯಮಗಳನ್ನು ಮಾಡಿತು. ಪಾವಗಡದಲ್ಲಿ ಸುಮಾರು 13,000 ಎಕರೆ ನೆಲದ ಮೇಲೆ 2050 ಮೆಗಾವಾಟಿನ ಸೌರ ಉದ್ಯಾನವನ್ನು ಕಟ್ಟಬಲ್ಲ ರಾಜ್ಯಕ್ಕೆ ಇಳಕಲ್ಲಿನ ನಾಲ್ಕು ಮಾಳಿಗೆಗಳು ದೊಡ್ಡದಲ್ಲ. ಪಾವಗಡದಲ್ಲಿ ನೆಲದ ಒಡೆಯನಿಗೆ ಎಕರೆಗೆ ವರ್ಷಕ್ಕೆ 21,000 ರೂಪಾಯಿಯಂತೆ ಗುತ್ತಿಗೆ ಗೊತ್ತಾಯಿತು. ಆ ನೆಲದಲ್ಲಿ ಕೂಲಿ ಮಾಡುತ್ತಿದ್ದವನಿಗೆ ಅದರಲ್ಲಿ ಪಾಲಿರಲಿಲ್ಲ. ಮಾಳಿಗೆಯ ಮೇಲಿನ ಫಲಕಕ್ಕೆ ಈ ದೋಷವಿಲ್ಲ; ಅದರ ನೆರಳಿನಲ್ಲಿ ಯಾರ ಕೂಲಿಯೂ ಹೋಗದು.

ಹುಬ್ಬಳ್ಳಿ ವಿದ್ಯುತ್ ಕಂಪನಿಯೂ ಕೈಮಗ್ಗ ಮತ್ತು ಜವಳಿ ಇಲಾಖೆಯೂ ಕೂಡಿ ಒಂದು ಸಣ್ಣ ಪಟ್ಟಿಯನ್ನು ಮೊದಲು ಮಾಡಲೆಂದು ನಾವು ಕೇಳುತ್ತೇವೆ: ಇಳಕಲ್ಲಿನಲ್ಲಿ, ಗುಳೇದಗುಡ್ಡದಲ್ಲಿ ಎಷ್ಟು ಮನೆಗಳಲ್ಲಿ ಕುಣಿಮಗ್ಗ ಈಗಲೂ ನಡೆಯುತ್ತಿದೆ, ಆ ಮನೆಗಳು ತಿಂಗಳಿಗೆ ಎಷ್ಟು ಯೂನಿಟ್ಟು ಬಳಸುತ್ತವೆ, ಅವುಗಳಲ್ಲಿ ಎಷ್ಟಕ್ಕೆ ಸ್ವಂತ ಮಾಳಿಗೆಯಿದೆ. ಮೀಟರು ಓದುವವನು ಹೇಗೂ ತಿಂಗಳಿಗೊಮ್ಮೆ ಆ ಬಾಗಿಲಿಗೆ ಹೋಗುತ್ತಾನೆ. ಒಳಗಿನಿಂದ ಮಗ್ಗದ ಸದ್ದು ಬರುತ್ತಿದೆಯೋ ಇಲ್ಲವೋ ಎಂಬುದನ್ನೂ ಅವನೇ ಬರೆದುಕೊಂಡು ಬರಲಿ.